ಹತ್ತಕ್ಕೆ ಎಂಟು

೨ ಆಗಸ್ಟ್ ೨೦೦೪, ಸೋಮವಾರ. ಬೆಳಿಗ್ಗೆ ೧೧

ದಿನಾ ಒಂದು ಪುಟ ಬರೀಬೇಕಂತೆ. ಏನು ಬರೆಯೋದು? ನಾನೇನು ಶಾನುಭೋಗನಾ. ಐದನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು, ಆಮೇಲೆ ಸಹಿ ಬಿಟ್ಟರೆ ಬರೆದದ್ದು ಕಡಿಮೆ. ಈಗ ಅರವತ್ತೊಂದಕ್ಕೆ ಕಾಪಿ ಬರೆಯೋ ಶಿಕ್ಷೆ.

ಫಿಸಿಯೋಥೆರಪಿ ಹುಡುಗಿ ಜಯಾ ಹೇಳಿದ್ದು. ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದು, ಪ್ಲಾಸ್ಟರ್ ಬಿಚ್ಚಿ ಹತ್ತು ದಿನ. ಬೆರಳು ಇನ್ನೂ ಮರ ಇದ್ದಂಗಿದೆ. ಬರೆದರೆ ಸಡಿಲ ಆಗುತ್ತಂತೆ. ಅವಳು ಓದಲ್ವಂತೆ, ಅಕ್ಷರ ನೆಟ್ಟಗಾಗಿದೆಯಾ ಅಂತ ದೂರದಿಂದ ನೋಡ್ತಾಳಂತೆ. ಹಂಗಾದರೆ ಸರಿ. ಓದಿದರೆ ಅವಳಿಗೇ ಕಷ್ಟ.

ಅರ್ಧ ಪುಟ ಆಯ್ತು. ನೋಯ್ತಿದೆ. ಸಾಕು.

೪ ಆಗಸ್ಟ್, ಬುಧವಾರ

ನಿನ್ನೆ ಬರೀಲಿಲ್ಲ. ಮನಸ್ಸಿರಲಿಲ್ಲ.

ಜಯಾ ಮನೇಲಿ ಯಾರ್ಯಾರಿದ್ದೀರಿ ಅಂದಳು. ನಾನು, ಮಗಳು ಶ್ರೀದೇವಿ. ಇವರು ಹೋಗಿ ಒಂಬತ್ತು ವರ್ಷ. ಮಗಳ ಕೆಲಸ ಏನು ಅಂದಳು. ಅದನ್ನ ಹೇಳೋದೇ ಕಷ್ಟ. ಟಿ.ವಿ.ಗೆ ಸಿಕ್ಕಿಸಿ ಆಡೋ ಡಬ್ಬಿ ಇದೆ, ಕನ್ಸೋಲ್ ಅಂತಾಳೆ. ಅದಕ್ಕೆ ಬರೋ ಗೇಮುಗಳನ್ನ ಆಡಿ, ಚೆನ್ನಾಗಿದೆಯಾ ಇಲ್ವಾ ಅಂತ ಇಂಗ್ಲಿಷಿನಲ್ಲಿ ಬರೆದು, ಕೊನೇಲಿ ಹತ್ತಕ್ಕೆ ಇಷ್ಟು ಅಂತ ನಂಬರ್ ಹಾಕೋದು. ಜೆ.ಪಿ. ನಗರದಲ್ಲಿರೋ ಒಂದು ಮ್ಯಾಗಜೀನಿಗೆ. ಇಪ್ಪತ್ತೇಳು ವರ್ಷದ ಹೆಣ್ಣು ಆಟ ಆಡೋದೇ ಕೆಲಸ ಅಂದರೆ ಹನುಮಂತನಗರದಲ್ಲಿ ನಗ್ತಾರೆ. ನಾನು ನಗಲ್ಲ. ಇಪ್ಪತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಫೈನಲ್ ಚೆಕಿಂಗ್ ಟೇಬಲ್ ಮುಂದೆ ನಿಂತವಳು ನಾನು. ಬೇರೆಯವರು ಹೊಲಿದ ಶರ್ಟು ತಿರುಗಿಸಿ ನೋಡಿ, ಪಾಸ್, ಆಲ್ಟರ್, ರಿಜೆಕ್ಟ್ ಅಂತ ಹಾಕ್ತಿದ್ದೆ. ಅವಳದೂ ಅದೇ ಕೆಲಸ, ಕೂತುಕೊಂಡು.

ಈಗ ಟೆಂಪರರಿ. ೨೦ಕ್ಕೆ ಪರ್ಮನೆಂಟ್ ಮಾಡ್ತೀನಿ ಅಂದಿದ್ದಾರಂತೆ ಎಡಿಟರ್ ಶಿವರಾಜ್.

ಆ ಡಬ್ಬಿಯ ರಿಮೋಟ್ ತರದ್ದು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಒತ್ತಬೇಕು. ಜಯಾ ಕೇಳಿ ಹಿಗ್ಗಿದಳು. ಆಂಟಿ, ಅದನ್ನೂ ದಿನಾ ಅರ್ಧ ಗಂಟೆ ಆಡಿ ಅಂದಳು. ಇದೊಂದು ಬಾಕಿ ಇತ್ತು.

೬ ಆಗಸ್ಟ್, ಶುಕ್ರವಾರ

ಮ್ಯಾಗಜೀನ್ ಬಂತು. ಶ್ರೀದೇವಿ ಹೆಸರು ದಪ್ಪಕ್ಷರದಲ್ಲಿ. ಸಾಲ್ಟ್ ಟವರ್ ಅನ್ನೋ ಗೇಮಿಗೆ ಹತ್ತಕ್ಕೆ ಎಂಟು ಕೊಟ್ಟಿದ್ದಾಳೆ. ಉಪ್ಪಿನ ಕಲ್ಲಲ್ಲಿ ಕಟ್ಟಿದ ಗೋಪುರ, ಒಂಬತ್ತು ಮಹಡಿ, ಒಬ್ಬ ಲಾಟೀನು ಹಿಡಕೊಂಡು ಹತ್ತಬೇಕು. ಓದಿ ಹೇಳಿದಳು. ಕೊನೇ ಮಹಡಿವರೆಗೂ ಬೇಜಾರಿಲ್ಲದೆ ಕರಕೊಂಡು ಹೋಗುತ್ತೆ ಅಂತ ಬರೆದಿದ್ದಾಳೆ. ಚೆನ್ನಾಗಿದೆ.

ಪಕ್ಕದಲ್ಲಿ ಒಂದು ಚೌಕ. ಬೇರೆ ಬೇರೆ ದೇಶದ ಪತ್ರಿಕೆಗಳು ಅದೇ ಗೇಮಿಗೆ ಕೊಟ್ಟ ನಂಬರು. ಒಬ್ಬ ಒಂಬತ್ತು. ಒಬ್ಬ ಆರೂವರೆ. ಇನ್ನೊಬ್ಬ ನಾಲ್ಕು.

ಒಂದೇ ಪೀಸಿಗೆ ನಾಲ್ಕು ಚೆಕರ್ ನಾಲ್ಕು ತರ ಹಾಕಿದರೆ ನಮ್ಮಲ್ಲಿ ನಾಲ್ವರನ್ನೂ ಸೂಪರ್‌ವೈಸರ್ ಎದುರು ನಿಲ್ಲಿಸ್ತಿದ್ದರು ಅಂದೆ. ಅವಳು, ಇದು ಶರ್ಟಲ್ಲಮ್ಮ, ಒಬ್ಬರಿಗೆ ಹಿಡಿಸುತ್ತೆ ಒಬ್ಬರಿಗೆ ಹಿಡಿಸಲ್ಲ ಅಂದಳು. ಬಣ್ಣ ಹಿಡಿಸದೆ ಇರೋದು ಬೇರೆ, ತೋಳೇ ಹೊಲಿಯದೆ ಬಿಟ್ಟಿರೋದು ಬೇರೆ. ನಾಲ್ಕು ಕೊಟ್ಟವನು ಏನು ಕಂಡ ಅಂತ ಕೇಳಿದೆ. ಆಟ ನಡುವೆ ನಿಂತುಬಿಡುತ್ತೆ ಅಂತ ಬರೆದಿದ್ದನಂತೆ. ಅವನ ಗೇಮಿನ ಡಿಸ್ಕಿಗೆ ಗೀರು ಬಿದ್ದಿರಬೇಕು ಅಂತ ಆಫೀಸಿನಲ್ಲಿ ಎಲ್ಲರೂ ನಕ್ಕರಂತೆ.

ಡಿಸ್ಕ್ ಮನೇಲೇ ಇದೆ. ಬರೆದು ಮುಗೀತಲ್ಲ, ಇಟ್ಟುಕೋ ಅಂದರಂತೆ. ನಾಳೆಯಿಂದ ನಾನೂ ಒತ್ತಬೇಕು.

೯ ಆಗಸ್ಟ್. ಮಧ್ಯಾಹ್ನ ೩

ಮೂರು ದಿನದಿಂದ ಆಡ್ತಿದ್ದೀನಿ. ಮೊದಲ ದಿನ ಮನುಷ್ಯ ಗೋಡೆಗೇ ಮುಖ ಕೊಟ್ಟು ನಡೆದ. ಈಗ ಹೇಳಿದ ಮಾತು ಕೇಳ್ತಾನೆ.

ಶ್ರೀದೇವಿ ನಾನಾಡೋದು ನೋಡಿ ನಕ್ಕಳು. ಅಮ್ಮ, ಮೆಟ್ಟಿಲು ಎದುರಿಗೇ ಇದೆ, ಹತ್ತು ಅಂದಳು. ನಂಗೆ ಹಂಗೆ ಬರಲ್ಲ. ಶರ್ಟಾದರೆ ಕಾಲರ್‌ನಿಂದ ಶುರು ಮಾಡಿ, ಭುಜ, ತೋಳು, ಕಫ್, ಪಕ್ಕ, ಕೆಳಗಿನ ಮಡಿಕೆ, ಆಮೇಲೆ ಒಳಮಗ್ಗಲು ತಿರುವಿ ಮತ್ತೆ ಮೊದಲಿಂದ—ಕೈ ಹಂಗೇ ಹೋಗೋದು. ಒಂದೊಂದು ಕೋಣೇನೂ ಸುತ್ತ ನೋಡಿ, ಬಾಗಿಲ ಹಿಂದೆ ನೋಡಿ, ಬಂದ ದಾರೀಲೇ ವಾಪಸು ಹೋಗಿ ನೋಡಿ ಆಮೇಲೆ ಮೆಟ್ಟಿಲು.

ಹೆಬ್ಬೆರಳು ಸ್ವಲ್ಪ ಬಗ್ಗುತ್ತೆ.

೧೦ ಆಗಸ್ಟ್, ಮಂಗಳವಾರ

ನಿಂತುಹೋಯ್ತು.

ಎರಡನೇ ಮಹಡೀಲಿ ಒಂದು ಬಾವಿ ಇದೆ. ಇಳೀಲೇಬೇಕು ಅಂತಿಲ್ಲ. ನಾನು ಇಳಿದೆ. ಒಳಗೆ ಏನೂ ಇಲ್ಲ. ಮೇಲೆ ಬಂದು ಮೂಲೆಯ ದೀಪ ಹಚ್ಚಿದೆ. ಅಷ್ಟೇ. ಮನುಷ್ಯ ಕೈ ಎತ್ತಿದವನು ಎತ್ತಿದ ಹಾಗೇ. ಯಾವ ಗುಂಡಿ ಒತ್ತಿದರೂ ಇಲ್ಲ. ಡಬ್ಬಿ ಆರಿಸಿ ಮೊದಲಿಂದ ಬಂದೆ. ಬಾವಿಗೆ ಇಳಿಯದೆ ದೀಪ ಹಚ್ಚಿದರೆ ಮುಂದಕ್ಕೆ ಹೋಗುತ್ತೆ. ಇಳಿದು ಬಂದು ಹಚ್ಚಿದರೆ ನಿಲ್ಲುತ್ತೆ. ಮೂರು ಸಲ ನೋಡಿದೆ. ಮೂರು ಸಲವೂ ಅಲ್ಲೇ. ಡಿಸ್ಕ್ ಸೆರಗಲ್ಲಿ ಒರೆಸಿ ಬೆಳಕಿಗೆ ಹಿಡಿದೆ. ಒಂದು ಗೀರಿಲ್ಲ.

ಚೆಕಿಂಗ್‌ನಲ್ಲಿ ತಪ್ಪು ಕಂಡ ಕಡೆ ಅಂಟಿಸೋ ಕೆಂಪು ಬಾಣದ ಸ್ಟಿಕರ್ ಒಂದು ಹಾಳೆ ಪೆಟ್ಟಿಗೇಲಿತ್ತು. ಒಂದು ಕಿತ್ತು ಟಿ.ವಿ. ಗಾಜಿಗೆ, ಆ ದೀಪದ ಮೇಲೆ ಅಂಟಿಸಿದೆ.

ಸಂಜೆ ೭

ಶ್ರೀದೇವಿ ಬಂದು ಸ್ಟಿಕರ್ ನೋಡಿ ಮೊದಲು ನಕ್ಕಳು. ತಾನೇ ಬಾವಿಗೆ ಇಳಿದು ನೋಡಿದಳು. ಆಮೇಲೆ ನಗಲಿಲ್ಲ.

ನಿಂಗೆ ಕಾಣಲಿಲ್ವಾ ಅಂದೆ. ಬಾವಿಗೆ ಇಳಿದೇ ಇಲ್ಲವಂತೆ. ಹೋಗಲಿ, ಕೊನೇ ಮಹಡಿ ಹೆಂಗಿದೆ ಅಂದೆ. ರಿಮೋಟ್ ಕೆಳಗಿಟ್ಟಳು. ನಾಲ್ಕನೇ ಮಹಡಿವರೆಗೂ ಹೋಗಿದ್ದಳಂತೆ. ಡಿಸ್ಕ್ ಕೈಗೆ ಬಂದದ್ದು ಅಚ್ಚಿಗೆ ಹೋಗೋಕೆ ಎರಡೇ ದಿನ ಇರೋವಾಗ. ಜೊತೆಗೆ ಇನ್ನೆರಡು ಗೇಮು. ಎಲ್ಲಾ ಕಡೆ ಹಂಗೇ ಬರೀತಾರಂತೆ.

ಬೈದೆ. ನೋಡದೆ ಸಹಿ ಹಾಕೋ ಕೆಲಸ ಯಾರಿಗೆ ಬೇಕು ಅಂದೆ. ಇನ್ನೂ ಏನೇನೋ ಅಂದೆ. ಶಿವರಾಜ್ ಸರ್‌ಗೆ ತಾನೇ ಹೇಳ್ತಾಳಂತೆ. ೨೦ ಕಳೀಲಿ, ಪರ್ಮನೆಂಟ್ ಆಗಲಿ, ಆಮೇಲೆ. ಅಲ್ಲೀವರೆಗೂ ಬಾಯಿ ಬಿಡಬೇಡ ಅಂದಳು.

ನಾನ್ಯಾಕೆ ಬಿಡಲಿ.

೧೭ ಆಗಸ್ಟ್, ಮಂಗಳವಾರ

ವಾರದಿಂದ ಬರೀಲಿಲ್ಲ. ಜಯಾ ಬೈದಳು.

ಶ್ರೀದೇವಿ ಆಫೀಸಿಗೆ ಬಂದ ಒಂದು ಕಾಗದ ತಂದಿದ್ದಾಳೆ. ತೋರಿಸೋಕಲ್ಲ, ಬ್ಯಾಗಿನಲ್ಲಿತ್ತು, ನಾನು ಕೇಳಿದ್ದಕ್ಕೆ ಓದಿದಳು. ಬಿ.ಟಿ.ಎಂ. ಲೇಔಟಿನವನು ಯಾರೋ. ಎಂಟು ನೋಡಿ ಗೇಮು ಕೊಂಡನಂತೆ, ಎರಡನೇ ಮಹಡೀಲೇ ನಿಂತಿತಂತೆ. ಅಲ್ಲಿವರೆಗೂ ಸರಿ, ಕೇಳೋ ಹಕ್ಕು ಅವನಿಗಿದೆ. ಆಮೇಲೆ ಬರೆದಿದ್ದಾನೆ—ಈ ಮೇಡಂಗೆ ಅಡುಗೆ ಪುಟ ಕೊಡಿ, ಗೇಮು ಗಂಡಸರಿಗೆ ಬಿಡಿ, ಇವರು ಗೇಮಿನ ಡಬ್ಬಿ ಬಿಚ್ಚಿಯೂ ಇಲ್ಲ ಅಂತ.

ಮೈ ಉರಿದುಹೋಯ್ತು. ಅವಳು ಬಿಡಮ್ಮ ಅಂತ ಮಡಿಚಿಟ್ಟಳು. ಶಿವರಾಜ್ ಕಾಗದ ಕೊಡುವಾಗ ಅವನ ಡಿಸ್ಕಿನಲ್ಲಿ ಗೀರಿರಬಹುದು ಅಂದರಂತೆ. ಇವಳೂ ಇರಬಹುದು ಅಂದಳಂತೆ. ಇನ್ನು ಮೂರು ದಿನ ಅಂತ.

೧೮ ಆಗಸ್ಟ್. ಮಧ್ಯಾಹ್ನ

ಫೋನ್ ಮಾಡಿದೆ. ಮ್ಯಾಗಜೀನ್ ಹಿಂದೆ ನಂಬರಿತ್ತು. ಎಡಿಟರನ್ನೇ ಕೊಡಿ ಅಂದೆ. ಕೊಟ್ಟರು.

ನನ್ನ ಮಗಳು ಡಬ್ಬಿ ಬಿಚ್ಚಿಲ್ಲ ಅಂತ ಯಾರೋ ಬರೀತಾನೆ, ನೀವು ಅದನ್ನ ತಂದು ಅವಳ ಕೈಗೆ ಕೊಡ್ತೀರಾ ಅಂದೆ. ಅವರು ಮೆತ್ತಗೆ ಮಾತಾಡಿದರು. ನನಗೆ ಮೆತ್ತಗೆ ಮಾತಾಡೋರು ಆಗಲ್ಲ. ಒಂಬತ್ತು ಮಹಡಿ ಆಟ ಎರಡು ದಿನದಲ್ಲಿ ನೋಡು ಅಂದರೆ ಯಾರ ಕೈಲಾಗುತ್ತೆ, ಅವಳು ನಾಲ್ಕನೇ ಮಹಡಿವರೆಗೂ ಕೂತು ಆಡಿದ್ದಾಳೆ, ಅದೇ ಹೆಚ್ಚು, ಬೇರೆಯವರಾಗಿದ್ದರೆ ಒಂದು ಮಹಡೀನೂ ಹತ್ತುತ್ತಿರಲಿಲ್ಲ ಅಂದೆ.

'ನಾಲ್ಕನೇ ಮಹಡಿವರೆಗೂನಾ ಅಮ್ಮ? ಸರಿ' ಅಂದರು. ಇಟ್ಟರು.

ಚೆನ್ನಾಗಿ ಕೊಟ್ಟೆ. ಬಾಯಿ ಕಟ್ಟಿಹೋಯ್ತು ಅವರಿಗೆ. ಇವತ್ತು ಅಕ್ಷರವೂ ನೆಟ್ಟಗೆ ಬಂದಿದೆ.

೧೯ ಆಗಸ್ಟ್, ಗುರುವಾರ

ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತಳು.

ಶಿವರಾಜ್ ಕರೆದು ಕೇಳಿದರಂತೆ. ಒಪ್ಪಿಕೊಂಡಳಂತೆ. ಗೇಮಿನ ಪುಟ ಬೇರೆಯವರಿಗೆ, ಇವಳಿಗೆ ಟೆಂಪರರೀಲೇ ಪ್ರೂಫ್ ತಿದ್ದೋ ಕೆಲಸ. ಪರ್ಮನೆಂಟ್ ಮಾತು ಮುಂದಕ್ಕೆ—ಅಂದರೆ ಇಲ್ಲ. ಮುಂದಿನ ತಿಂಗಳ ಪತ್ರಿಕೇಲಿ ಕ್ಷಮೆ ಹಾಕ್ತಾರೆ. ವಿಮರ್ಶಕಿ ಶ್ರೀದೇವಿ ಆಟ ಮುಗಿಸದೆ ನಂಬರ್ ಕೊಟ್ಟಿದ್ದರು ಅಂತ, ಹೆಸರು ಹಾಕಿ. ಈ ಕೆಲಸ ಮಾಡೋರು ಊರಲ್ಲೇ ಹತ್ತು ಹನ್ನೆರಡು ಜನ. ಅದು ಅಚ್ಚಾದರೆ ಬೇರೆ ಯಾವ ಪತ್ರಿಕೆಯವರೂ ಅವಳನ್ನ ಒಳಗೆ ಬಿಡಲ್ಲ.

ನಾನು ನಿನ್ನ ಪರವಾಗೇ ಅಲ್ವಾ ಹೇಳಿದ್ದು ಅಂದೆ.

'ಹೌದಮ್ಮ. ನೀನು ನನ್ನ ಪರವಾಗಿ ಹೇಳ್ದೆ. ಅದಕ್ಕೇ ಅವರು ನಂಬಿದ್ರು.'

ಚಪ್ಪಲಿ ಬಿಟ್ಟು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

೨೩ ಆಗಸ್ಟ್, ಸೋಮವಾರ

ನಾಲ್ಕು ದಿನ. ಊಟಕ್ಕೆ ಬಾ ಅಂದರೆ ಬರ್ತಾಳೆ. ತಟ್ಟೆ ತೊಳೆದು ಹೋಗ್ತಾಳೆ.

ಸಿದ್ದಾಪುರದಿಂದ ಮುನಿಯಕ್ಕ ಬಂದಿದ್ದಳು. ಚೆಕಿಂಗ್ ಟೇಬಲ್‌ನಲ್ಲಿ ನನ್ನ ಪಕ್ಕ ನಿಲ್ತಿದ್ದವಳು. ಎಲ್ಲಾ ಹೇಳಿದೆ. ಸಮಾಧಾನ ಹೇಳೋ ಜಾತಿಯಲ್ಲ ಅವಳು.

'ಇಪ್ಪತ್ತು ವರ್ಷ ಊರೋರ ಬಟ್ಟೇಲಿ ತಪ್ಪು ಹುಡುಕ್ದೆ. ಕೊನೇಗೆ ನಿನ್ನ ಮಗಳ ಹಣೆಗೇ ಸ್ಟಿಕರ್ ಅಂಟಿಸ್ದೆ ಕಣೇ.'

ಎದ್ದು ಹೋಗು ಅಂದೆ. ಹೋಗಲಿಲ್ಲ, ಇನ್ನೊಂದು ಲೋಟ ಕಾಫಿ ಕೇಳಿದಳು. ಆಮೇಲೆ ಅವಳೇ ತೊಂಬತ್ತೆರಡರ ಮಾತು ಎತ್ತಿದಳು. ನಾನು ಮರೆತಿಲ್ಲ, ಎತ್ತಲ್ಲ ಅಷ್ಟೇ. ಆ ಸಲ ಶಿಪ್‌ಮೆಂಟ್ ಹೋಗಬೇಕು ಅಂತ ಗಂಟೆಗೆ ಎಪ್ಪತ್ತು ಪೀಸು ಅಂದಿದ್ದನ್ನ ನೂರೈವತ್ತು ಮಾಡಿದರು. ತಿರುವಿ ನೋಡೋಕೆ ಎಲ್ಲಿ ಟೈಮು. ಕಾಲರ್ ಮಾತ್ರ ನೋಡಿ ಬಂಡಲ್ ಬಂಡಲ್ ಪಾಸ್ ಹಾಕಿದೆವು. ನಾನೂ ಹಾಕಿದೆ. ಮಾಲು ವಾಪಸ್ ಬಂದಾಗ ಟ್ಯಾಗಿನಲ್ಲಿ ಚೆಕರ್ ನಂಬರ್ ನನ್ನದಿತ್ತು, ಹದಿನಾಲ್ಕು. ನೂರೈವತ್ತು ಮಾಡು ಅಂದವರ ನಂಬರ್ ಯಾವ ಟ್ಯಾಗಿನಲ್ಲೂ ಇರಲಿಲ್ಲ. ಎಲ್ಲರ ಮುಂದೆ ನಿಂತು ಬೈಸಿಕೊಂಡೆ. ತಪ್ಪು ನನ್ನದಲ್ಲ ಅನ್ನಲಿಲ್ಲ, ಯಾಕಂದರೆ ನನ್ನದೂ ಇತ್ತು.

ಅದೇ ಬಾಯಲ್ಲಿ ಹತ್ತನೇ ತಾರೀಖು ಶ್ರೀದೇವಿಗೆ ಬೈದದ್ದು. ನೋಡದೆ ಸಹಿ ಅಂತ…

೨೫ ಆಗಸ್ಟ್, ಬುಧವಾರ. ಸಂಜೆ

ಜೆ.ಪಿ. ನಗರಕ್ಕೆ ಹೋಗಿದ್ದೆ. ಎರಡು ಬಸ್ಸು. ಎಡಗೈಲೇ ಕಂಬಿ ಹಿಡಿದು ನಿಂತೆ. ಸ್ವೀಟ್ ಅಂಗಡಿ ಮೇಲಿನ ಮಹಡಿ ಅವರ ಆಫೀಸು. ಶ್ರೀದೇವಿ ಪ್ರೆಸ್ಸಿಗೆ ಹೋಗಿದ್ದಳು, ಬರೋದು ಅವಳಿಗೆ ಹೇಳಿರಲಿಲ್ಲ. ಅದೂ ತಪ್ಪೇ.

ಶಿವರಾಜ್ ನಲವತ್ತರವರು, ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು, ಕೈ ಹೆಂಗಿದೆ ಕೇಳಿದರು. ಕ್ಷಮೆ ಹಾಕಿ, ಬೇಡ ಅನ್ನಲ್ಲ ಅಂದೆ. ಅವಳು ಮುಗಿಸಿರಲಿಲ್ಲ, ಮುಗಿಸಿದಂಗೆ ಬರೆದಳು, ತಪ್ಪು. ಜೊತೆಗೆ ಎರಡೇ ದಿನ ಕೊಟ್ಟಿದ್ದೆವು ಅಂತಾನೂ ಹಾಕಿ. ಬಾವಿ ಮಾತೂ ಹಾಕಿ, ಉಳಿದವರಾದರೂ ಇಳಿಯದೆ ಹೋಗಲಿ.

'ಬಾವಿ ಹಾಕ್ತೀವಿ. ಆದ್ರೆ ಓದೋರಿಗೆ ಆಫೀಸಿನ ಒಳಗಿನ ವಿಷಯ ಬೇಡಮ್ಮ. ಬರೆದವರ ಹೆಸರು ಸಾಕು.'

'ಎರಡು ದಿನ ಕೊಟ್ಟವರ ಹೆಸರು?'

ಟೀ ತರಿಸ್ತೀನಿ ಅಂದರು. ಬೇಡ ಅಂದೆ. ಯೋಚನೆ ಮಾಡ್ತೀನಿ ಅಂದರು. ೩೧ಕ್ಕೆ ಪುಟ ಅಚ್ಚಿಗೆ ಹೋಗುತ್ತಂತೆ. ಅಲ್ಲೀವರೆಗೂ ಯೋಚನೆ ಮಾಡ್ತಾ ಕೂತರೆ ಮುಗೀತಲ್ಲ.

೨೬ ಆಗಸ್ಟ್

ಶ್ರೀದೇವಿಗೆ ಹೇಳಿದೆ, ಹೋಗಿ ಬಂದದ್ದು. ಆಗಲೇ ಗೊತ್ತಾಗಿತ್ತು. ಆಫೀಸಿನಲ್ಲಿ ಯಾರೋ, ನಿಮ್ಮಮ್ಮ ಬಂದು ಸರ್‌ಗೆ ಬಿಸಿ ಮುಟ್ಟಿಸಿದರು ಅಂತ ನಕ್ಕರಂತೆ. ಇನ್ನು ಒಂದು ಕಾಗದ ಬರೀಬೇಕು ಅಂತಿದ್ದೀನಿ, ನೀನು ಬೇಡ ಅಂದರೆ ಇಲ್ಲ ಅಂದೆ. ಹಿಂದೆ ಅವಳನ್ನ ಹಿಂಗೆ ಕೇಳಿದ ನೆನಪಿಲ್ಲ.

ಅಕ್ಕಿ ಆರಿಸ್ತಾ ಕೂತಿದ್ದಳು. ತಪ್ಪು ಅಚ್ಚಾಗಲಿ, ಹೆಸರೂ ಇರಲಿ, ಒಂದು ಸಾಲು ಕಮ್ಮಿ ಮಾಡಿ ಅಂತ ಮಾತ್ರ ಬೇಡಬೇಡ ಅಂದಳು. ಬೇಡಲ್ಲ ಅಂದೆ. ಇಂಗ್ಲಿಷಿಗೆ ಮಾಡಿಕೊಡು ಅಂದದ್ದಕ್ಕೆ ಒಪ್ಪಲಿಲ್ಲ.

'ಕನ್ನಡದಲ್ಲೇ ಕಳಿಸು. ನಾನು ಮಾಡಿದ್ರೆ ಮೆತ್ತಗಾಗುತ್ತೆ.'

೨೭ ಆಗಸ್ಟ್, ಶುಕ್ರವಾರ. ಬೆಳಿಗ್ಗೆ

ಮೊದಲು ಇಲ್ಲಿ ಬರೆದು ಆಮೇಲೆ ಹಾಳೆಗೆ ಇಳಿಸ್ತೀನಿ. ಮಧ್ಯಾಹ್ನ ಶ್ರೀದೇವಿ ಕೈಲಿ ಕಳಿಸೋದು.

ಶಿವರಾಜ್ ಅವರಿಗೆ ಮೀನಾಕ್ಷಮ್ಮ ಬರೆಯೋದು. ೧೮ನೇ ತಾರೀಖು ಫೋನ್ ಮಾಡಿದವಳು ನಾನು. ಮಗಳು ಮಾಡು ಅಂದಿರಲಿಲ್ಲ, ಬಾಯಿ ಬಿಡಬೇಡ ಅಂದಿದ್ದಳು. ಅವಳು ನಾಲ್ಕು ಮಹಡಿ ನೋಡಿ ಒಂಬತ್ತು ನೋಡಿದಂಗೆ ಬರೆದದ್ದು ತಪ್ಪು. ಹಾಕಿ. ಎರಡು ದಿನದಲ್ಲಿ ಮೂರು ಗೇಮು ನೋಡು ಅಂದದ್ದು ನೀವು. ಅದನ್ನೂ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ನಿಮ್ಮ ಹೆಸರಿನ ಜೊತೆ ಹಾಕಿ. ಚೆಕಿಂಗ್ ಮಾಡಿದವಳ ನಂಬರ್ ಒಂದೇ ಟ್ಯಾಗಿನಲ್ಲಿದ್ದರೆ ಏನಾಗುತ್ತೆ ಅಂತ ನನಗೆ ಗೊತ್ತು. ಅವಳ ಪುಟ ವಾಪಸ್ ಕೊಡೋದು ಬಿಡೋದು ನಿಮ್ಮಿಷ್ಟ, ಅದನ್ನ ನಾನು ಕೇಳ್ತಿಲ್ಲ. ಯೋಚನೆ ಮಾಡ್ತೀನಿ ಅನ್ನೋದು ನನಗೆ ಉತ್ತರ ಅಲ್ಲ. ನಿಮ್ಮ ಹೆಸರು ಹಾಕ್ತೀರಾ, ಇಲ್ವಾ. ೩೦ನೇ ತಾರೀಖು ಸೋಮವಾರ ಸಂಜೆ ಐದರೊಳಗೆ ಹೇಳಿ.