ಹದಿನಾಲ್ಕರ ಜಾಗ

ಪ್ರೀತಿಯ ಮಿಸ್,

ನಿಮ್ಮನ್ನು ಹೀಗೆ ಕರೆಯಲು ನಾನು ನಿಮ್ಮ ತರಗತಿಯಲ್ಲಿ ಕೂತವಳಲ್ಲ. ವಯಸ್ಸಿನಲ್ಲಿ ನಿಮಗಿಂತ ಒಂದೆರಡು ವರ್ಷ ದೊಡ್ಡವಳೇ ಇರಬೇಕು. ಆದರೂ ಆ ಒಂದು ಚಳಿಗಾಲ ಪೂರ್ತಿ ನಿಮ್ಮ ಧ್ವನಿ ಕೇಳಿಯೇ ದಿನ ಶುರುಮಾಡಿದವಳಿಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ನಾನು ನಿಮ್ಮ ಹದಿನಾಲ್ಕನೇ ನಂಬರಿನ ಹುಡುಗಿಯ ಅಮ್ಮ, ಆಸ್ಪತ್ರೆಯ ನರ್ಸು. ಇಷ್ಟು ಹೇಳಿದರೆ ನಿಮಗೆ ಸಾಕು ಎಂದು ಗೊತ್ತು.

ಮುಂದಿನ ವಾರದಿಂದ ಅವಳು ದೊಡ್ಡ ಶಾಲೆಗೆ ಹೋಗುತ್ತಾಳೆ. ನಿನ್ನೆ ಟೀಸಿ ತೆಗೆದುಕೊಳ್ಳಲು ಬಂದಾಗ ನಿಮ್ಮೊಡನೆ ಮಾತಾಡಲೇಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನೀವು ನಕ್ಕು ಎದುರಿಗೆ ನಿಂತಿರಿ ನೋಡಿ, ಎಲ್ಲ ಮರೆತುಹೋಯಿತು. ಕೊನೆಗೆ "ಆ ಶಾಲೇಲಿ ಬೂಟು ಕಪ್ಪೇ ಇರ್ಬೇಕಾ ಮಿಸ್?" ಎಂದು ಕೇಳಿ ವಾಪಸ್ಸು ಬಂದೆ. ಬೂಟಿನ ವಿಷಯ ನಿಮಗೇನು ಗೊತ್ತು, ಪಾಪ! ಬಾಯಲ್ಲಿ ಆಗದ್ದನ್ನು ಬರೆದಾದರೂ ಮುಗಿಸೋಣ ಎಂದು ಕೂತಿದ್ದೇನೆ.

ನಮ್ಮ ಮನೆಯಲ್ಲಿ ಅವಳಿಗೆ 'ಮೂತಿ' ಎಂದು ಹೆಸರು. ಸಿಟ್ಟು ಬಂದರೆ ಮೂತಿ ಉಬ್ಬಿಸುತ್ತಾಳೆಂದು ಅವಳಜ್ಜಿ ಇಟ್ಟದ್ದು. ಆ ಚಳಿಗಾಲದ ಮೊದಲಲ್ಲಿ, ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡುವವರು ಮನೆಗೆ ಹೋಗಕೂಡದು, ಆಸ್ಪತ್ರೆಯ ಹಾಸ್ಟೆಲಿನಲ್ಲೇ ಇರಬೇಕು ಎಂದು ಹೇಳಿದರು. ಅವಳಪ್ಪ ಲಾರಿ ಓಡಿಸುವವರು. ಆ ದಿನಗಳಲ್ಲಿ ಯಾವ ಗಡಿಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಿದ್ದರೋ ಅವರಿಗೇ ತಿಳಿಯುತ್ತಿರಲಿಲ್ಲ. ನಮ್ಮಮ್ಮ ಬಂದು ಮನೆ ನೋಡಿಕೊಂಡಳು. ನಾನು ಚೀಲ ಹಿಡಿದು ಹೊರಟಾಗ ಮೂತಿ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲೂ ಹೋಗಲ್ಲ ಅಂತ ಹೇಳು" ಎಂದಳು.

"ಬೇಗ ಬಂದ್ಬಿಡ್ತೀನಿ ಕಂದ" ಎಂದೆ.

"ನಾನು ಕೇಳಿದ್ದು ಅದಲ್ಲ" ಎಂದು ಮುಖ ತಿರುಗಿಸಿದಳು. ಅಂದಿನಿಂದ ನನ್ನೊಡನೆ ಮಾತು ಬಂದ್. ಅಜ್ಜಿ ಫೋನನ್ನು ಅವಳ ಕಿವಿಗೆ ಹಿಡಿದರೂ ಉಸಿರಾಡುವ ಸದ್ದಷ್ಟೇ ಕೇಳುತ್ತಿತ್ತು. "ಹಟದಲ್ಲಿ ನಿನ್ನನ್ನೇ ಹೋಲ್ತಾಳೆ ಕಣೆ, ನಾನೇನು ಮಾಡ್ಲಿ?" ಎಂದು ನಮ್ಮಮ್ಮ ಕೈಚೆಲ್ಲಿದಳು. ನಾನು ಬದುಕಿ ಮನೆಗೆ ಬರುತ್ತೇನೋ ಇಲ್ಲವೋ ಎಂಬ ಭಯಕ್ಕಿಂತ, ಬರದೇ ಹೋದರೆ ನಮ್ಮಿಬ್ಬರ ನಡುವಿನ ಕೊನೆಯ ಮಾತು ಅದೇ ಆಗಿಬಿಡುತ್ತದಲ್ಲ ಎಂಬುದು ನನ್ನನ್ನು ಹೆಚ್ಚು ತಿನ್ನುತ್ತಿತ್ತು.

ಆಗ ಶುರುವಾಯಿತು ನಿಮ್ಮ ಹಾಜರಿ.

ಬೇರೆ ಶಾಲೆಗಳಲ್ಲಿ ಫೋನಿನಲ್ಲೇ ಪಾಠ ನಡೆಯುತ್ತಿದ್ದ ಕಾಲ ಅದು. ನಿಮ್ಮ ತರಗತಿಯಲ್ಲಿ ಹೆಚ್ಚಿನವರ ಮನೆಗೆ ಒಂದೇ ಫೋನು, ಅದೂ ಬೆಳಿಗ್ಗೆ ಅಪ್ಪನ ಜೇಬಲ್ಲಿ ಕೆಲಸಕ್ಕೆ ಹೋಗುವಂಥದ್ದು. ನೀವು ಅದನ್ನು ತಿಳಿದು ಬೇರೆ ದಾರಿ ಹುಡುಕಿದಿರಿ. ಹಿಂದಿನ ಸಂಜೆಯೇ ಪ್ರತಿ ಮಗುವೂ "ಹಾಜರ್ ಮಿಸ್" ಎಂದು, ಜೊತೆಗೆ ಏನಾದರೂ ಒಂದು ಮಾತು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ನಿಮಗೆ ಕಳಿಸಬೇಕು. ನೀವು ಎಲ್ಲವನ್ನೂ ನಂಬರಿನ ಪ್ರಕಾರ ಪೋಣಿಸಿ, ಬೆಳಿಗ್ಗೆ ಅಪ್ಪಂದಿರು ಕೆಲಸಕ್ಕೆ ಹೊರಡುವ ಮೊದಲೇ ಎಲ್ಲ ಮನೆಗಳಿಗೂ, ನನ್ನ ಫೋನಿಗೂ ಕಳಿಸುತ್ತಿದ್ದಿರಿ. ಮೊದಲು ಗಂಟೆಯ ಸದ್ದು. ಖಾಲಿ ಶಾಲೆಗೆ ಒಬ್ಬರೇ ಹೋಗಿ, ನಿಜವಾದ ಗಂಟೆಯನ್ನೇ ಬಾರಿಸಿ, ರೆಕಾರ್ಡ್ ಮಾಡಿ ತಂದಿದ್ದಿರಂತೆ! ಆಮೇಲೆ ನಿಮ್ಮ ಸುದ್ದಿ: "ಹೊಸ ಪುಸ್ತಕ ಬಂದಿದೆ, ಗೇಟಿನ ಹತ್ರ ಕೊಡ್ತೀನಿ, ಒಬ್ಬೊಬ್ಬರೇ ಬನ್ನಿ. ಮಾಸ್ಕ್ ಮೂಗಿಗೆ ಹಾಕೋದು, ಗಡ್ಡಕ್ಕಲ್ಲ. ಅಪ್ಪಂದಿರಿಗೇ ಹೇಳ್ತಿರೋದು." ಆಮೇಲೆ ಒಂದು, ಎರಡು, ಮೂರು ಎಂದು ನೀವು ಕರೆಯುತ್ತ ಹೋಗುವಿರಿ, ಮಕ್ಕಳು ಓಗೊಡುತ್ತ ಹೋಗುವರು.

"ಹಾಜರ್ ಮಿಸ್. ನಮ್ಮ ಬೆಕ್ಕು ನನ್ನ ಸ್ವೆಟರ್ ಮೇಲೇ ಮರಿ ಹಾಕಿದೆ, ಅದಕ್ಕೇ ನಂಗೆ ಚಳಿ."

"ಹಾಜರ್ ಮಿಸ್. ನಮ್ಮಪ್ಪ ಕೆಲಸ ಹುಡುಕ್ತೀನಿ ಅಂತ ಹೇಳಿ ಮಲ್ಕೊಂಡಿದಾರೆ."

ಆ ಅಪ್ಪ ಬಡಗಿ. ಊರಿಡೀ ಮಾನ ಹೋಯಿತೆಂದು ಅವರು ಕುಣಿದಾಡಿದರಂತೆ. ಆದರೆ ಅದನ್ನು ಕೇಳಿದ ಇನ್ನೊಂದು ಮಗುವಿನ ಮನೆಯವರು ಬಾಗಿಲು ರಿಪೇರಿಗೆ ಅವರನ್ನೇ ಕರೆಸಿದರು ಎಂದು ನಮ್ಮಮ್ಮ ಹೇಳಿದಳು. ಒಂಬತ್ತನೇ ನಂಬರಿನ ಹುಡುಗನ 'ಹಾಜರ್' ಯಾಕೋ ದಪ್ಪಗಿದೆ ಎಂದು ಅನುಮಾನಪಟ್ಟು ನೀವು ಅವರ ಮನೆಗೆ ಫೋನು ಮಾಡಿದಿರಿ. ನೋಡಿದರೆ ಹುಡುಗನಿಗೆ ಜ್ವರ. ಮನೆಯವರಿಗಿಂತ ಮೊದಲು ನಿಮಗೆ ಗೊತ್ತಾಗಿತ್ತು. ನಾನು ಜ್ವರ ನೋಡಿಯೇ ಹೊಟ್ಟೆ ಹೊರೆಯುವವಳು, ಮಿಸ್. ಒಂದು ಮಾತಿನಲ್ಲಿ ಜ್ವರ ಹಿಡಿಯುವುದು ನನ್ನಿಂದಾಗದು.

ಹದಿಮೂರರ ನಂತರ ನೀವು "ಹದಿನಾಲ್ಕು" ಎನ್ನುತ್ತಿದ್ದಿರಿ. ಅಲ್ಲಿ ಏನೂ ಇರುತ್ತಿರಲಿಲ್ಲ. ಮೂತಿ ನನ್ನೊಡನೆ ಮಾತ್ರವಲ್ಲ, ಫೋನೆಂಬ ವಸ್ತುವಿನೊಡನೆಯೇ ಟೂ ಬಿಟ್ಟಿದ್ದಳು. ನೀವು ಅವಳ ನಂಬರನ್ನು ಹಾರಿಸಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಒಂದು ಮಗು ಎದ್ದು ನಿಂತು ಉತ್ತರ ಹೇಳುವಷ್ಟು ಹೊತ್ತು ಸುಮ್ಮನೆ ಕಾಯುತ್ತಿದ್ದಿರಿ. ಆ ಮೌನದಲ್ಲಿ ನಿಮ್ಮ ಕೋಣೆಯ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಆಮೇಲೆ, ಏನೂ ಆಗದವರಂತೆ, "ಹದಿನೈದು".

ಗೈರುಹಾಜರು ಎಂದು ನೀವು ಒಂದು ದಿನವೂ ಹೇಳಲಿಲ್ಲ.

ಕೆಲವರಿಗೆ ಅದನ್ನು ಸಹಿಸಲಾಗಲಿಲ್ಲ. ತಪ್ಪು ಅವರದ್ದಲ್ಲ; ಯಾರ ಮನೆಯಿಂದ ಯಾವ ಸುದ್ದಿ ಬರುತ್ತದೋ ಎಂದು ಜೀವ ಕೈಯಲ್ಲಿ ಹಿಡಿದಿದ್ದ ಕಾಲ. "ಬೆಳ್ಬೆಳಿಗ್ಗೆ ಆ ಮೌನ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ ಮಿಸ್, ಆ ನಂಬರ್ ಬಿಟ್ಟುಬಿಡಿ" ಎಂದು ಒಬ್ಬ ತಾಯಿ ಪೋಷಕರ ವಾಟ್ಸಾಪ್ ಗುಂಪಿನಲ್ಲೇ ಹೇಳಿದರು. ನೀವು ಕೊಟ್ಟ ಉತ್ತರವನ್ನು ನಾನು ಡ್ಯೂಟಿಗೆ ಹೋಗುವ ಮೊದಲು, ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತು ಕೇಳಿದೆ. "ಆ ಮಗು ಮನೇಲಿ ಚೆನ್ನಾಗಿದೆ. ಮಾತಾಡೋ ಮನಸ್ಸಿಲ್ಲ, ಅಷ್ಟೆ. ಅವಳ ಜಾಗ ಅವಳದ್ದೇ. ನಾವೆಲ್ಲ ಸ್ವಲ್ಪ ಕಾಯೋಣ." ಅಲ್ಲೇ ಬೆಂಚಿನ ಮೇಲೆ ಕೂತು ಅದನ್ನು ಇನ್ನೊಮ್ಮೆ ಕೇಳಿದೆ. ಒಂದು ಊರು ನನ್ನ ಮಗಳ ಹಟ ಇಳಿಯುವುದನ್ನು ಕಾಯುತ್ತಿತ್ತು!

ರೋಗಿಗಳಿಗೆ ಅವರ ಮನೆಯವರ ಮುಖ ತೋರಿಸಲೆಂದು ನಾವು ಫೋನನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ವಾರ್ಡಿಗೆ ಒಯ್ಯುತ್ತಿದ್ದೆವು. ನನ್ನ ಸಾಲಿನಲ್ಲಿ ಒಬ್ಬ ದರ್ಜಿ ಅಜ್ಜ ಇದ್ದರು. ಫೋನು ಮಾಡುವವರು ಯಾರೂ ಇರಲಿಲ್ಲ. ಒಂದು ದಿನ ಅವರಿಗೆ ನಿಮ್ಮ ಹಾಜರಿ ಕೇಳಿಸಿದೆ. ಅಂದಿನಿಂದ ಅವರಿಗೆ ಅದು ಮಾತ್ರೆಗಿಂತ ಹೆಚ್ಚಾಯಿತು. ಬೆಕ್ಕಿನ ಮರಿಗಳು ಕಣ್ಣು ಬಿಟ್ಟವೇ, ಬಡಗಿ ಎದ್ದನೇ ಎಂದು ಎಲ್ಲ ವಿಚಾರಿಸುವರು. ಕೊನೆಗೆ ಮೆಲ್ಲಗೆ, "ಹದಿನಾಲ್ಕು ಬಾಯಿ ಬಿಟ್ಳಾ ಸಿಸ್ಟರ್?" ಎನ್ನುವರು. ಅದು ನನ್ನ ಮಗಳೆಂದು ನಾನು ಅವರಿಗೆ ಹೇಳಿರಲಿಲ್ಲ.

ಆ ದಿನ ಅಜ್ಜನ ಉಸಿರು ತೀರ ಕೆಳಗಿಳಿದಿತ್ತು. ಹಾಜರಿ ಕೇಳುತ್ತಿದ್ದಾಗಲೇ ಅವರು ಗಾಬರಿಯಿಂದ ಮುಖದ ಆಮ್ಲಜನಕದ ಮಾಸ್ಕ್ ಕಿತ್ತುಹಾಕಿದರು. ನಾನು ಓಡಿ ಬಂದು ಮಾಸ್ಕ್ ಸರಿಮಾಡಿ, ಎದೆಯ ಮೇಲೆ ಕೈಯಿಟ್ಟು, ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಫೋನು ಕೈಯಲ್ಲೇ ಇತ್ತು. ಎರಡು ಜೊತೆ ಗ್ಲೌಸ್ ಹಾಕಿದ ಬೆರಳು ಎಲ್ಲೋ ಒತ್ತಿತು, ಅಲ್ಲಿ ನಡೆದದ್ದೆಲ್ಲ ರೆಕಾರ್ಡಾಗಿ ನಿಮಗೊಬ್ಬರಿಗೇ ಬಂದುಬಿಟ್ಟಿತು. ನನಗೆ ಗೊತ್ತೇ ಆಗಲಿಲ್ಲ.

ಮರುದಿನ ಅಜ್ಜನ ಪಕ್ಕ ನಿಂತು ಫೋನಿನಲ್ಲಿ ನಿಮ್ಮ ಹಾಜರಿ ಹಾಕಿದೆ. ಅವರಿಗೆ ಮಾತಿಲ್ಲ, ಕಣ್ಣಷ್ಟೇ ತೆರೆದಿದ್ದವು. ನೀವು "ಹದಿನಾಲ್ಕು" ಎಂದಿರಿ. ನಾನು ಗಡಿಯಾರದ ಸದ್ದಿಗೆ ಕಾದೆ. ಬಂದದ್ದು ನನ್ನದೇ ಧ್ವನಿ.

"ಇನ್ನೊಂದು ಉಸಿರು ತಗೊಳ್ಳಿ ಅಜ್ಜ. ನಾನೆಲ್ಲೂ ಹೋಗಲ್ಲ. ಇಲ್ಲೇ ಇದ್ದೀನಿ."

"ಹದಿನೈದು" ಎಂದಿರಿ ನೀವು.

ಮಗಳು ಬಾಗಿಲಲ್ಲಿ ನಿಂತು ಬೇಡಿದ ಮಾತು ಅದು. ಅವಳಿಗೆ ಕೊಡದೆ ಯಾರೋ ಅಜ್ಜನಿಗೆ ಕೊಟ್ಟಿದ್ದೇನೆ, ಅದನ್ನು ಅವಳೇ ಕೇಳಿದ್ದಾಳೆ. ಇನ್ನು ಅವಳು ಜನ್ಮದಲ್ಲಿ ನನ್ನೊಡನೆ ಮಾತಾಡುವುದಿಲ್ಲ ಎಂದುಕೊಂಡೆ. ಮನೆಯಲ್ಲಿ ಏನಾಯಿತೆಂದು ನಮ್ಮಮ್ಮ ಆಮೇಲೆ ಹೇಳಿದಳು. ಮೂತಿ ಮತ್ತೆ ಹಾಕು ಎಂದಳಂತೆ. ಮತ್ತೆ. ಇನ್ನೊಮ್ಮೆ. ಆಮೇಲೆ, "ಅಜ್ಜಿ, ಅಮ್ಮ ಅಲ್ಲಿ ಇದೇ ಕೆಲಸ ಮಾಡೋದಾ?" ಎಂದು ಕೇಳಿದಳಂತೆ.

ಅದರ ಮರುದಿನ ಬೆಳಿಗ್ಗೆ ಗಂಟೆ ಹೊಡೆಯಿತು. ಪುಸ್ತಕದ ಸುದ್ದಿ, ಬೆಕ್ಕಿನ ಸುದ್ದಿ ಎಲ್ಲ ಆಯಿತು. ಹದಿಮೂರು ಮುಗಿಯಿತು. "ಹದಿನಾಲ್ಕು."

"ಹಾಜರ್ ಮಿಸ್. ಅಮ್ಮನೂ ಹಾಜರ್. ಅಜ್ಜ, ಉಸಿರು ತಗೊಂಡ್ರಾ?"

ನಾನು ಅಜ್ಜನ ಕಡೆ ತಿರುಗಿದೆ. ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನು, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನಂತೆ, ನಿಧಾನವಾಗಿ ಮೇಲೆತ್ತಿದರು. ಇಷ್ಟು ವರ್ಷದ ಕೆಲಸದಲ್ಲಿ ಸಾವೂ ನೋಡಿದ್ದೇನೆ, ಹುಟ್ಟೂ ನೋಡಿದ್ದೇನೆ, ಅಂಥದ್ದೊಂದನ್ನು ನೋಡಿರಲಿಲ್ಲ.

ಆ ಸಂಜೆ ಫೋನಿಗೆ ಅವಳೇ ಬಂದಳು. "ಅಜ್ಜಂಗೆ ಹೇಳಿದ್ದು ನಂಗೂ ಹೇಳು" ಎಂದಳು. ಹೇಳಿದೆ. ಅಳು ಬಂದು ಮಾತು ಅರ್ಧಕ್ಕೇ ನಿಂತಿತು. "ಸರಿ ಬಿಡು, ಅರ್ಥ ಆಯ್ತು" ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಚಳಿ ಇಳಿಯುವ ಹೊತ್ತಿಗೆ ಅಜ್ಜ ತಮ್ಮ ಕಾಲ ಮೇಲೆ ನಡೆದು ವಾರ್ಡಿನಿಂದ ಹೊರಗೆ ಹೋದರು. ಹದಿನಾಲ್ಕು ಯಾರ ಮಗಳೆಂದು ಅವರಿಗೆ ಬಾಗಿಲಲ್ಲಿ ಹೇಳಿದೆ. "ಅಯ್ಯೋ ಸಿಸ್ಟರ್, ಅದು ನಂಗೆ ಆವತ್ತೇ ಗೊತ್ತಾಯ್ತು" ಎಂದು ನಕ್ಕರು.

ನೀವು ಯಾವ ಗುಟ್ಟನ್ನೂ ಹೇಳಲಿಲ್ಲ. ನಾನು ಮನೆಗೆ ಬಂದ ಮೇಲೆ ಫೋನು ಮಾಡಿ, ನನ್ನ ಧ್ವನಿ ಹಾಜರಿಗೆ ಹೇಗೆ ಬಂತೆಂದು ಕೇಳಿದಾಗ, "ಹದಿನಾಲ್ಕರ ಹೆಸರಲ್ಲಿ ನಿಮ್ಮ ನಂಬರೂ ಇದೆಯಲ್ಲ ಅಕ್ಕ, ಬಂದದ್ದನ್ನ ಅವಳ ಜಾಗಕ್ಕೆ ಸೇರಿಸ್ದೆ" ಎಂದಿರಿ. ನಿಮ್ಮ ಅಜಾಗರೂಕತೆಯಿಂದ ಆದದ್ದಿರಬೇಕು, ನನ್ನ ಪುಣ್ಯ ಎಂದುಕೊಂಡು ನಾನೂ ಸುಮ್ಮನಾದೆ. ಮೊನ್ನೆ, ಹಳೇ ಫೋನನ್ನು ಅಳಿಸಿ ಮಗಳಿಗೆ ಕೊಡೋಣವೆಂದು ಕೂತಾಗ, ಅಂದು ನಿಮಗೆ ಹೋದ ಆ ರೆಕಾರ್ಡು ಸಿಕ್ಕಿತು. ಪೂರ್ತಿ ಕೇಳಿದ್ದು ಈಗಲೇ. ಬಹಳ ಉದ್ದವಿದೆ, ಮಿಸ್. ಅಜ್ಜನ ಕೆಮ್ಮು, ಅವರು ಅತ್ತದ್ದು, ಟ್ರಾಲಿಯ ಚಕ್ರ, ದೊಡ್ಡ ಸಿಸ್ಟರ್ ಯಾರನ್ನೋ ಗದರಿದ್ದು, ಪಕ್ಕದ ಮಂಚದ ಯಂತ್ರ ಕೂಗಿದ್ದು, ಅವೆಲ್ಲದರ ನಡುವೆ ಎಲ್ಲೋ ನನ್ನ ಆ ಮೂರು ಮಾತು.

ಅಂದರೆ ನೀವು ಕೂತು ಎಲ್ಲವನ್ನೂ ಕೇಳಿದ್ದೀರಿ. ಆ ಅಜ್ಜನ ಅಳುವನ್ನು ಯಾರ ಕಿವಿಗೂ ಬೀಳದಂತೆ ಕತ್ತರಿಸಿದ್ದೀರಿ. ನಮ್ಮ ಬಾಗಿಲಲ್ಲಿ ಅವಳು ಏನು ಕೇಳಿದ್ದಳೆಂದು ನಿಮಗೆ ಯಾರೂ ಹೇಳಿರಲಿಲ್ಲ, ನಮ್ಮಮ್ಮನನ್ನೂ ವಿಚಾರಿಸಿದೆ. ಆದರೂ ಅಷ್ಟೊಂದು ಗದ್ದಲದಿಂದ ಆ ಮೂರೇ ಮಾತನ್ನು ಎತ್ತಿ, ಇಷ್ಟು ದಿನ ಕಾದಿಟ್ಟ ಜಾಗದಲ್ಲಿ ತಂದು ಇಟ್ಟಿದ್ದೀರಿ. ಒಂದು ಮಗುವಿನ ಮೌನವನ್ನು ಇಷ್ಟು ಸರಿಯಾಗಿ ಹೇಗೆ ಓದಿದಿರಿ? ನಾನು ಹೆತ್ತವಳು, ನನಗೇ ಆಗಿರಲಿಲ್ಲ.

ಆ ಫೋನನ್ನು ಅಳಿಸಲಿಲ್ಲ. ಮಗಳಿಗೆ ಬೇರೆ ಕೊಡಿಸುತ್ತೇನೆ.

ಹೊಸ ತರಗತಿಗಳು, ಹೊಸ ಮಕ್ಕಳು ನಿಮಗೆ ಬರುತ್ತಲೇ ಇರುತ್ತಾರೆ. ಉತ್ತರ ಕೊಡದ ಮಗು ಯಾವ ಸಾಲಿನಲ್ಲಿ ಕೂತಿದ್ದರೂ ಅದಕ್ಕೆ ನಿಮ್ಮಂಥವರೇ ಸಿಗಲಿ. ನಿಮ್ಮ ಧ್ವನಿಗೆ ಯಾವ ಚಳಿಯೂ ತಾಗದಿರಲಿ. ಎಂದಾದರೂ ನೀವು ಕರೆದು, ಎದುರಿನಿಂದ ಉತ್ತರ ಬರದ ಹೊತ್ತು ನಿಮಗೂ ಬಂದರೆ, ನಮ್ಮ ನಂಬರನ್ನು ಒಮ್ಮೆ ಕೂಗಿ. ಇಬ್ಬರೂ ಎದ್ದು ನಿಲ್ಲುತ್ತೇವೆ.

ಹಾಜರ್ ಮಿಸ್,
ಹದಿನಾಲ್ಕರ ಅಮ್ಮ