ಹೊಲಿದ ಕಿವಿ

ದೊಡ್ಡವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಬದುಕಿದ್ದಾಗ ಇದನ್ನು ಬರೆದಿದ್ದರೆ ನೀನು ಅಕ್ಕಪಕ್ಕದ ಯಾರಿಗೋ ಕೊಟ್ಟು ಜೋರಾಗಿ ಓದಿಸುತ್ತಿದ್ದೆ, ಸೊಕ್ಕೆ ಊರಿಗೆಲ್ಲ ನನ್ನ ಬಂಡವಾಳ ಗೊತ್ತಾಗುತ್ತಿತ್ತು. ಈಗ ಆ ಹೆದರಿಕೆ ಇಲ್ಲ, ನೋಡು.

ತಾಯಿಯಿಲ್ಲದ ನಾನು ನಿನ್ನ ತೊಡೆಯ ಮೇಲೇ ಬೆಳೆದವಳು. ಚಿನ್ನದ ಓಲೆಗಳು ಎಳೆದೂ ಎಳೆದೂ ನಿನ್ನ ಕಿವಿಯ ತೂತು ನನ್ನ ಬೆರಳು ಹಿಡಿಸುವಷ್ಟು ಅಗಲವಾಗಿತ್ತು. ನೀನು ಓಲೆ ಬಿಚ್ಚಿಟ್ಟಾಗೆಲ್ಲ ನಾನು ಬೆರಳು ತೂರಿಸಿಕೊಂಡು ಕೂರುತ್ತಿದ್ದೆ. "ಬಿಡೇ, ಕಿವಿ ಕಿತ್ತು ಬರತೈತೆ" ಅನ್ನುತ್ತಿದ್ದವಳು ನೀನು, ತಲೆ ಮಾತ್ರ ಅಲ್ಲಾಡಿಸುತ್ತಿರಲಿಲ್ಲ. ಓಲೆ ರಿಪೇರಿಗೆ ಹೋದ ದಿನಗಳಲ್ಲಿ ತೂತು ಕಿರಿದಾಗಬಾರದೆಂದು ಜೋಳದ ದಂಟಿನ ತುಂಡು ಸಿಕ್ಕಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದೆಯಲ್ಲ? ಚಿನ್ನಕ್ಕೂ ಮೊದಲು ಜನ ಕಿವಿಗೆ ಎಲೆ, ಗರಿ, ಕಡ್ಡಿಗಳನ್ನೇ ಇಟ್ಟುಕೊಳ್ಳುತ್ತಿದ್ದರು ಎಂದು ಈಗ ನಾನು ಕ್ಲಾಸಿನಲ್ಲಿ ಪಾಠ ಮಾಡುತ್ತೇನೆ.

ನನ್ನ ಮದುವೆ ಗೊತ್ತಾದಾಗ ನಿನ್ನ ಕಿವಿ ಕಂಡು ಹೊನ್ನಾಳಿಯ ಬೀಗರು ಏನಂದುಕೊಂಡಾರು, ಫೋಟೋದಲ್ಲಿ ಹೇಗೆ ಕಂಡೀತು ಎಂಬುದೇ ನನಗೆ ಚಿಂತೆ. "ಕಿವಿ ಹೊಲಿಸಿಕೊಂಡುಬಿಡು ದೊಡ್ಡವ್ವ, ಆಸ್ಪತ್ರೆಯಲ್ಲಿ ಹತ್ತು ನಿಮಿಷದ ಕೆಲಸ" ಅಂದೆ.

"ನಾಚ್ಕಿ ಆಗ್ತೈತೇನೇ ನಿಂಗೆ?"

"ಹಾಗೇನಿಲ್ಲ" ಅಂದೆ. ಸುಳ್ಳು. ನಿನಗೂ ಗೊತ್ತಿತ್ತು.

"ಆತು ಬಿಡು, ಹೊಲಿಸಾಕೆ ನಂದೇನು ಅಡ್ಡಿ ಇಲ್ಲ."

ಕಿವಿ ಹೊಲಿಸಿದ್ದಾಯಿತು, ಓಲೆಗಳು ಕರಗಿ ನನ್ನ ಸರವಾದವು. ಆಮೇಲೆ ಎಷ್ಟೋ ವರ್ಷ, ನನ್ನ ಮನೆಗೆ ಬಂದಾಗೆಲ್ಲ, ಮಲಗುವ ಮುಂಚೆ ನಿನ್ನ ಕೈ ಓಲೆ ಬಿಚ್ಚಲು ಕಿವಿಗೆ ಹೋಗುತ್ತಿತ್ತು. ಬರಿ ಕಿವಿಯನ್ನು ಸವರಿ ವಾಪಸು ಬರುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ನ್ಯಾಮತಿಯಲ್ಲಿ ಇತಿಹಾಸದ ಮೇಡಂ ಆದಮೇಲೆ ಹಳೆಯ ಶಿಲ್ಪಗಳ ಒಡವೆಗಳ ಮೇಲೆ ಪುಸ್ತಕ ಬರೆಯುತ್ತಿದ್ದೆ. ಒಂದು ಚಿತ್ರದ ಮೇಲೆ ಬೆರಳಿಟ್ಟು ನೀನು ಕೇಳಿದೆ, ಕಿವಿಯಿಂದ ಕೂದಲಿಗೆ ಹೋದ ಆ ಸರಪಳಿ ಯಾತಕ್ಕೆ ಅಂತ ಬರೆದಿದ್ದೀಯ ಎಂದು. "ಶಿಲ್ಪಿಯ ಕಲ್ಪನೆ, ಚೆಂದಕ್ಕೆ" ಅಂದೆ.

"ಚೆಂದಕ್ಕಲ್ಲ ಕಣೇ. ಓಲೆ ಭಾರ ಕೂದ್ಲಿಗೆ ಹಾಕಾಕೆ. ನಮ್ಮವ್ವಂಗೂ ಇತ್ತು."

ಹೂಂ ಹೂಂ ಅಂದು ಪುಟ ತಿರುಗಿಸಿದೆ. ಪುಸ್ತಕ ನನ್ನ ಮಾತಿನಂತೆಯೇ ಅಚ್ಚಾಯಿತು. ಊರ ತುಂಬ ಆಧಾರ ಹುಡುಕಿದವಳಿಗೆ ಮನೆಯೊಳಗಿನ ಆಧಾರ...

ನೀನು ಹೋದ ದಿನ ಹೆಂಗಸರು ನಿನಗೆ ಸೀರೆ ಉಡಿಸಿ, ವಿಭೂತಿ ಹಚ್ಚಿದರು. "ಕಿವಿ ಬರಿದೈತಲ್ಲ, ಒಂದು ಓಲೆನಾರ ಹಾಕ್ರೇ" ಅಂದಳು ಒಬ್ಬಳು. ನನ್ನ ಕಿವಿಯದನ್ನೇ ಬಿಚ್ಚಿಕೊಟ್ಟೆ. ಅವಳು ತೂತು ಹುಡುಕಿದಳು, ಎರಡೂ ಕಡೆ ಹುಡುಕಿದಳು. ಇರಲಿಲ್ಲ. ನಾನು ಓಲೆ ಹಿಡಿದುಕೊಂಡು ನಿಂತೇ ಇದ್ದೆ. ಅಷ್ಟೊಂದು ನಾಚಿಕೆ ನನಗೆ ನಿನ್ನ ಜೋತ ಕಿವಿ ನೋಡಿ ಯಾವತ್ತೂ ಆಗಿರಲಿಲ್ಲ.

ಹೋದ ವಾರ ವಿದ್ಯಾರ್ಥಿಗಳನ್ನು ಚನ್ನಗಿರಿ ಕಡೆಯ ಒಂದು ಹಾಳು ಗುಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಬ್ಬ ಕಲ್ಲಿನ ಹೆಂಗಸು, ಕೆಳಗಿಳಿದ ಕಿವಿ, ಆರಪಾರ ಕೊರೆದ ತೂತು. "ಮಿಸ್, ಕಿವಿ ನೋಡ್ರಿ, ಹೆಂಗೆ ಜೋತೈತೆ" ಎಂದು ಹುಡುಗರು ನಕ್ಕರು. ನಾನು ಬೆರಳು ತೂರಿಸಿದೆ. ಎರಡನೆಯ ಗೆಣ್ಣಿನವರೆಗೆ ಹೋಯಿತು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು.

"ನಮ್ಮ ದೊಡ್ಡವ್ವನ ಕಿವಿ ಹಿಂಗೇ ಇದ್ದವು" ಅಂದೆ. ನನ್ನ ಪುಸ್ತಕದ ಚಿತ್ರದಲ್ಲಿದ್ದ ಸರಪಳಿ ಯಾತಕ್ಕೆ ಎಂದು ನೀನು ಹೇಳಿದ್ದನ್ನೇ ಹೇಳಿದೆ. ಪುಸ್ತಕದಲ್ಲಿರುವುದು ತಪ್ಪು, ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ ಅಂದೆ. ತಿದ್ದುತ್ತೇನೆ ದೊಡ್ಡವ್ವ, ನಿನ್ನ ಹೆಸರು ಹಾಕಿಯೇ.

ಒಬ್ಬ ಹುಡುಗಿ ಕೇಳಿದಳು: "ಅವರ ಫೋಟೋ ಐತೇನ್ರಿ ಮಿಸ್, ಆ ಕಿವಿ ಕಾಣೋದು?"

ಇರುವ ಫೋಟೋಗಳೆಲ್ಲ ನನ್ನ ಮದುವೆಯವು.

"ಇಲ್ಲ" ಅಂದೆ. "ನಾನೇ ಹೊಲಿಸಿಬಿಟ್ಟೆ."