ರುದ್ರಭೂಮಿ ಸಂಘದ ತೂಕ

ಹೊಸ ಊರು, ಕೊಲ್ಹಾರದ ಹತ್ತರ
೧೮-೯-೨೦೦೩

ನನ್ನ ಮೊಮ್ಮಗಳು ಜಯಮಾಲಾಗ ನಿನ್ನ ಆಯಿ ಬಾಯ್ತುಂಬ ಹರಸಿ ಬರಿಯೋದು.

ನಾವೆಲ್ಲ ಆರಾಮ ಅದೇವಿ. ಉತ್ತರ ತಡಾ ಆತು, ಮಾರಿ ತಿರುವಬ್ಯಾಡ. ಕಣ್ಣಿನ ಪೊರಿ ತಗಸಿದ ಮ್ಯಾಲ ಡಾಕ್ಟರು ಬರಿಯಾಕ ಬಿಟ್ಟಿರಲಿಲ್ಲ. ಅದರಾಗ ನಿನ್ನ ಪತ್ರ ಓದಿಸಿ ಕೇಳಿ ನನಗ ಸಿಟ್ಟೂ ಬಂದಿತ್ತು. ಸಿಟ್ಟಿನಾಗ ಬರದ್ರ ನನ್ನ ಅಕ್ಷರ ಇನ್ನೂ ಸೊಟ್ಟ ಆಗ್ತಾವು ಅಂತ ತಡದೆ.

ನೀ ಧಾರವಾಡದಾಗ ನಮ್ಮ ಜಿಲ್ಲಾದ ವಿಶ್ವಕೋಶ ಮಾಡೋರ ಕೂಡ ಇದ್ದೀ, ಯಾವುದು ಒಳಗ ಬರಬೇಕು, ಯಾವುದು ಬರಬಾರದು ಅಂತ ನೀನ ತೂಗ್ತೀ ಅಂತ ಓಣಿ ತುಂಬ ಹೇಳಿಕೋತ ಅಡ್ಡಾಡಿದಾಕಿ ನಾ. ಈಗ ನಮ್ಮ ರುದ್ರಭೂಮಿ ಸಂಘನ ನಿನ್ನ ತಕ್ಕಡ್ಯಾಗ ಬಂದೈತಿ. "ಸಂಘ ಬಹಳ ಸಣ್ಣದು, ಹೊರಗಿನವರು ಬರೆದ ಆಧಾರ ಇಲ್ಲ, ಪೇಪರಿನಲ್ಲಿ ಒಮ್ಮೆ ಸುದ್ದಿ ಬಂದರೂ ನಿಮ್ಮ ಹೆಸರಿಲ್ಲ, ಸೇರಿಸೋದು ಕಷ್ಟ ಆಯಿ" ಅಂತ ಬರದೀ.

ಸಣ್ಣದು ಖರೇನ. ನಾನು, ಸಾತವ್ವ, ಮಾಬುಬಿ, ಇಂದ್ರಾಬಾಯಿ, ಇಷ್ಟ. ಅಧ್ಯಕ್ಷರಿಲ್ಲ, ಒತ್ತಾಕ ಶಿಕ್ಕಾ ಇಲ್ಲ. ಹಳೇ ಊರು ಡ್ಯಾಮಿನ ನೀರಾಗ ಹೋದ ಮ್ಯಾಲ ಇಲ್ಲಿ ಸಾಲಿಗೆ ಜಾಗ ಗುರ್ತ ಮಾಡಿದ್ರು, ಪಂಚಾಯ್ತಿಗೆ ಮಾಡಿದ್ರು, ಸತ್ತವರಿಗೆ ಮಾತ್ರ ಗೇಣು ಜಾಗ ಬಿಡಲಿಲ್ಲ. ಅದನ್ನ ಕೇಳಾಕ ಕೂಡಿದವರು ನಾವು.

ಪೇಪರದಾಗ ಹೆಸರು ಯಾಕ ಬರಲಿಲ್ಲ, ಅದನ್ನೂ ಕೇಳು. ಜಾಗ ಹಂಚೋ ಕಚೇರಿ ಅಂಗಳದಾಗ ನಾವು ಗುದ್ದಲಿ ತಗೊಂಡು ಕುಣಿ ತೋಡಾಕ ನಿಂತಿದ್ವಿ. ಸಾಹೇಬ ಓಡಿ ಬಂದು, "ಏನವ್ವಾ ಇದು, ಏನ ನಡಸೀರಿ?" ಅಂದ. ಸಾತವ್ವ ಕುಣಿಯೊಳಗ ಇಳದು ಕಾಲು ಮಡಚಿ ಕುಂತು, "ಅಳತಿ ನೋಡಾಕತ್ತೇನ್ರಿ. ನಾವು ಲಿಂಗವಂತರು, ಸತ್ತ ಮ್ಯಾಲೂ ಕುಣ್ಯಾಗ ಕುಂದರೋ ಮಂದಿ. ನಿಮ್ಮ ಅಂಗಳದಾಗ ಮೊಣಕಾಲಿಗೆ ಕಲ್ಲು ಹತ್ತತಾವು ನೋಡ್ರಿ" ಅಂದ್ಲು. ಮಾಬುಬಿ ಬಿಡಬೇಕಲ್ಲ, "ನಾ ಮಲಗಾಕಿ, ನನಗ ಉದ್ದ ಬೇಕ್ರಿ" ಅಂದ್ಲು. ಮಂದಿ ಬಿದ್ದ ಬಿದ್ದ ನಕ್ರು.

ಅಷ್ಟರಾಗ ಪೇಪರದಾಂವ ಬಂದ. "ಪೂರಾ ಹೆಸರು ಹೇಳ್ರಿ, ಗಂಡನ ಹೆಸರು ಸಹಿತ" ಅಂದ. ಗಂಡನ ಹೆಸರು ನಮ್ಮ ಬಾಯಾಗ ಬರತೈತೇನ? "ನನ್ನ ಬಿಡ್ರಿ, ಆಕಿನ್ನ ಕೇಳ್ರಿ", "ಈಕಿನ್ನ ಕೇಳ್ರಿ" ಅಂತ ಬಾಯಿಗೆ ಸೆರಗು ಹಿಡಕೊಂಡು ನಕ್ಕೋತ ನಿಂತ್ವಿ. ಸಾಹೇಬನಿಗೆ ಅಂಜಲಾರದವರು ಗಂಡನ ಹೆಸರಿಗೆ ಅಂಜಿದ್ವಿ. ಅಂವ ಬ್ಯಾಸತ್ತು "ಕೆಲವು ಮಹಿಳೆಯರು" ಅಂತ ಬರಕೊಂಡು ಹೋದ. ಮುಂದ ಜಾಗೇನೋ ಸಿಕ್ಕಿತು, ಹಾರ ಮಾತ್ರ ಯಾವನೋ ಪುಢಾರಿ ಕೊರಳಿಗೆ ಬಿತ್ತು.

ಮೊನ್ನೆ ಇಂದ್ರಾಬಾಯಿ, "ಮೊಮ್ಮಗಳು ಅಲ್ಲೇ ಅದಾಳಲ್ಲ, ಎರಡು ಸಾಲು ಗೀಚಂತ ಹೇಳಬೇ" ಅಂದ್ಲು. "ನಮ್ಮದೇನು ಕದ್ದ ಮಾಲ? ಹಿತ್ತಲ ಬಾಗಿಲಿಂದ ಯಾಕ ಹೋಗೂಣು?" ಅಂತ ಬಾಯಿ ಮುಚ್ಚಿಸಿದೆ.

ಅದಕ್ಕ ಹೇಳ್ತೇನಿ, ನೀ ನಮ್ಮನ್ನ ತೂಗಬ್ಯಾಡ. ನೀ ಮನಿ ಮಗಳು, ಸೇರಿಸಿದರೂ ಮಾತು, ಬಿಟ್ಟರೂ ಮಾತು. ನಮ್ಮ ಬಳಗ ಅಲ್ಲದವರನ್ನ ಯಾರನ್ನರ ಕಳಸು. ಮನಗೂಳಿ ಮ್ಯಾಲ ಬಸ್ಸಿಗೆ ಬರಲಿ, ಮಂದಿನ್ನ ಕೇಳಲಿ, ಆ ಮಣ್ಣು ನೋಡಲಿ. ನಮಗ ಜಾಗ ಕೊಡಬಾರದು ಅಂತ ಜಗಳಕ್ಕ ನಿಂತವರನ್ನೂ ಕೇಳಲಿ. ಅಷ್ಟೆಲ್ಲ ನೋಡಿ ಸಣ್ಣದು ಅಂದ್ರ ನಾ ತುಟಿ ಬಿಚ್ಚೂದಿಲ್ಲ. ನೋಡದ ಅಂದ್ರ, ನಿಮ್ಮ ಕಚೇರಿಗೂ ಅಂಗಳ ಇದ್ದ ಇರಬೇಕು. ನಾವು ನಾಕೂ ಮಂದಿ ಧಾರವಾಡ ಬಸ್ಸು ಹತ್ತೇವಿ.

ಈ ಸಲ ಹೆಸರು ಕೇಳಿದ್ರ ನಾಚಂಗಿಲ್ಲ. ನನ್ನ ಗಂಡನ ಹೆಸರು ಸಾತವ್ವ ಹೇಳ್ತಾಳ, ಆಕಿ ಗಂಡನದು ನಾ ಹೇಳ್ತೇನಿ. ಮಾತಾಗೇತಿ.

ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನ ಕೈಗೆ ಕಸುವು ಕೊಡಲಿ, ಬುದ್ಧಿ ನೆಟ್ಟಗ ಇಡಲಿ.

ನಿನ್ನ ಆಯಿ
ಸಿದ್ದಲಿಂಗವ್ವ

ತಾ.ಕ.: ಈ ಸಂಘ ಯಾರಿಂದ ಶುರು ಆತು ಅಂತ ಕೇಳೀದಿ. ನಿಮ್ಮವ್ವ ರಾಜೇಶ್ವರಿಯಿಂದ. ಆಕಿ ಹೋದಾಗ ನೀ ವಿಜಾಪುರದಾಗ ಪರೀಕ್ಷಾ ಬರಿಯಾಕತ್ತಿದ್ದಿ. ಹಳೇ ಸುಡುಗಾಡು ನೀರಾಗ ಇತ್ತು. ಆಕಿನ್ನ ಹೊತಗೊಂಡು ಹೊಲದಿಂದ ಹೊಲಕ್ಕ ಅಡ್ಡಾಡಿದ್ವಿ. ಎಲ್ಲಾರೂ ಕೈ ಮುಗದು ಮುಂದ ಕಳಿಸಿದ್ರು. ಕಡೀಕ ಮಾಬುಬಿ, "ನನ್ನ ಹೊಲದಾಗ ಇಡ್ರಿ, ನನ್ನ ಮಗಳು ಅಂತೀನಿ" ಅಂದು ಬದುವಿನ ಹತ್ತರ ತಾನ ಅಗಿಯಾಕ ನಿಂತ್ಲು. ವರ್ಷಾ ವರ್ಷ ನೀ ಹೂವು ಏರಸಾಕ ಆಕಿ ಹೊಲಕ್ಕ ಹೋಗ್ತೀ. ಯಾಕ ಅಲ್ಲಿ ಅಂತ ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಇದನ್ನ ಪುಸ್ತಕದಾಗ ಹಾಕಬ್ಯಾಡ. ನಾವು ಜಗಳಾಡಿ ತಂದ ಜಾಗದಾಗ ಇವತ್ತು ಊರಾಗ ತೀರಿಕೊಂಡವರೆಲ್ಲಾ ಅದಾರ. ನಮ್ಮ ರಾಜೇಶ್ವರಿ ಒಬ್ಬಾಕಿನ ಹೊರಗ ಅದಾಳ.